ಮೊಬೈಲ್‌ಗೆ ಟಿ.ವಿ. ಯಾಕೆ ಕಾಣುತ್ತಿಲ್ಲ?

ಪದವಿ ಮುಗಿಸಿ ಕಡೂರು, ತರೀಕೆರೆ, ಅಜ್ಜಂಪುರದ ಮನೆಗಳಲ್ಲೇ ಕುಳಿತು ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ನಮ್ಮಂಥವರಿಗೆ ಆನ್‌ಲೈನ್ ತರಗತಿಯೇ ಕೋಚಿಂಗ್ ಸೆಂಟರ್. ಅಂಗೈಯಗಲದ ಪರದೆಯಲ್ಲಿ ಭೂಪಟ, ಲೆಕ್ಕ ನೋಡಿ ನೋಡಿ ಕಣ್ಣು ಉರಿಯುತ್ತದೆ. ಪಾಠವನ್ನು ಹಜಾರದ ಟಿ.ವಿ.ಗೆ ಹಾಕೋಣವೆಂದರೆ ‘ಯಾವ ಸಾಧನವೂ ಸಿಗಲಿಲ್ಲ’ ಎನ್ನುತ್ತದೆ ಮೊಬೈಲ್. ಕೂಡಲೇ ಹೊಸ ಸ್ಟಿಕ್ ಕೊಳ್ಳಲು ದುಡ್ಡು ಸುರಿಯಬೇಡಿ.

ಕ್ರೋಮ್‌ಕಾಸ್ಟ್‌ನಂಥ ಸಾಧನವನ್ನು ಹುಡುಕುವಾಗ ಮೊಬೈಲ್, ಮನೆಯ ನೆಟ್‌ವರ್ಕ್‌ನೊಳಗೆ 224.0.0.251 ಎಂಬ ವಿಳಾಸಕ್ಕೆ ‘ಯಾರಿದ್ದೀರಿ?’ ಎಂದು ಕೂಗು ಹಾಕುತ್ತದೆ. ಟಿ.ವಿ. ಓಗೊಟ್ಟರೆ ಅದರ ಹೆಸರು ಮೂಡುತ್ತದೆ. ಈ ಕೂಗು ಒಂದು ನೆಟ್‌ವರ್ಕ್‌ನಿಂದ ಇನ್ನೊಂದಕ್ಕೆ ದಾಟುವುದಿಲ್ಲ. ಹಾಗಾಗಿ ಎರಡರಲ್ಲೂ ಇಂಟರ್ನೆಟ್ ಚೆನ್ನಾಗಿದ್ದರೂ ಒಂದಕ್ಕೊಂದು ಕಾಣದಿರಬಹುದು.

ಮೊದಲು ಎರಡೂ ಒಂದೇ ವೈಫೈನಲ್ಲಿವೆಯೇ ನೋಡಿ. ‘ಗೆಸ್ಟ್’ ವೈಫೈ ಬೇಡ. ವಿಪಿಎನ್ ಆಫ್ ಮಾಡಿ. ಐಫೋನ್ ಆದರೆ, 2020ರ ಐಓಎಸ್ 14ರಿಂದೀಚೆಗೆ, ಆ್ಯಪ್‌ಗೆ ‘ಲೋಕಲ್ ನೆಟ್‌ವರ್ಕ್’ ಅನುಮತಿ ಕೊಡಲೇಬೇಕು. ರೂಟರ್‌ನಲ್ಲಿ ‘ಎಪಿ ಐಸೊಲೇಷನ್’ ಆನ್ ಇದ್ದರೆ ತೆಗೆಯಿರಿ. ಮಹಡಿಗೆ ಸಿಗ್ನಲ್ ಬರಲಿಲ್ಲವೆಂದು ಎರಡನೇ ರೂಟರ್ ಹಾಕಿಸಿದ ಮನೆಗಳಲ್ಲಿ ಒಂದೇ ಸೂರಿನಡಿ ಎರಡು ನೆಟ್‌ವರ್ಕ್ ಆಗಿರುತ್ತವೆ. ಎರಡನೆಯದನ್ನು ‘ಆ್ಯಕ್ಸೆಸ್ ಪಾಯಿಂಟ್’ ಮೋಡ್‌ಗೆ ಬದಲಿಸಿ. ಕೊನೆಗೆ ರೂಟರ್, ಟಿ.ವಿ. ಎರಡನ್ನೂ ಆಫ್ ಮಾಡಿ ಆನ್ ಮಾಡಿ.

ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಪ್ರತಿ ಸಲವೂ ಪರೀಕ್ಷಿಸಿ. ತಪ್ಪು ಎಲ್ಲಿದೆಯೆಂದು ಹೀಗೆ ಜರಡಿ ಹಿಡಿಯುವುದೇ ನೆಟ್‌ವರ್ಕಿಂಗ್ ಕೆಲಸದ ಮೊದಲ ಪಾಠ. ಕೆಲಸ ಹುಡುಕುತ್ತಿರುವವರು ಅದನ್ನು ಸ್ವಂತ ಮನೆಯಲ್ಲೇ, ಶುಲ್ಕವಿಲ್ಲದೆ ಕಲಿಯಬಹುದು.