ಇಪ್ಪತ್ತು ಹರ್ಟ್ಸ್‌ನ ಆಳಕ್ಕೆ ಎರಡು ಸಾವಿರ ರೂಪಾಯಿ

1982ರಲ್ಲಿ ಮುಂಬೈನ ಚಿತ್ರಸಂಗೀತದ ವಾದ್ಯಗಾರ ಚರಣ್‌ಜಿತ್ ಸಿಂಗ್ ಒಂದು ಎಲ್‌ಪಿ ತಂದರು. ಭೈರವಿ, ಲಲಿತ್, ತೋಡಿ, ಯಮನ್, ಮಾಲ್‌ಕೌಂಸ್ ಎಲ್ಲ ಸೇರಿ ಹತ್ತು ರಾಗಗಳು. ತಬಲಾ ಇಲ್ಲ. ನುಡಿಸಿದ್ದು ಜಪಾನಿನ ರೋಲಂಡ್ ಕಂಪನಿಯ ಮೂರು ಯಂತ್ರಗಳು: ಜುಪಿಟರ್-8 ಸಿಂಥಸೈಜರ್, ಟಿಆರ್-808 ಡ್ರಮ್ ಮಷೀನ್, ಟಿಬಿ-303 ಬಾಸ್ ಮಷೀನ್. ‘ಸಿಂಥಸೈಜಿಂಗ್: ಟೆನ್ ರಾಗಾಸ್ ಟು ಎ ಡಿಸ್ಕೊ ಬೀಟ್’ ಎಂಬ ಆ ತಟ್ಟೆಯನ್ನು ಆಗ ಕೇಳಿದವರು ಕಡಿಮೆ. 2010ರಲ್ಲಿ ಅದು ಮತ್ತೆ ಬಿಡುಗಡೆಯಾದಾಗ ಜಗತ್ತಿನ ಎಲೆಕ್ಟ್ರಾನಿಕ್ ಸಂಗೀತದ ಕೇಳುಗರು ಬೆರಗಾದರು. ಷಿಕಾಗೊದಲ್ಲಿ ಹುಟ್ಟಿತೆಂದು ಎಲ್ಲರೂ ನಂಬಿದ್ದ ‘ಆ್ಯಸಿಡ್ ಹೌಸ್’ ಎಂಬ ನೃತ್ಯಸಂಗೀತದ ಚಹರೆ ಅದರಲ್ಲಿ ಐದು ವರ್ಷ ಮೊದಲೇ ಮೂಡಿತ್ತು.

ಷಿಕಾಗೊದ ಕಥೆಗೂ ಅದೇ 303 ಯಂತ್ರವೇ ನಾಯಕ. ಬಾಸ್ ಗಿಟಾರ್ ವಾದಕರ ಬದಲಿಗೆಂದು ರೋಲಂಡ್ ಅದನ್ನು ಮಾರುಕಟ್ಟೆಗೆ ಬಿಟ್ಟಿತ್ತು. ಅದರ ದನಿ ಬಾಸ್ ಗಿಟಾರಿನ ಹತ್ತಿರಕ್ಕೂ ಸುಳಿಯಲಿಲ್ಲ, ತಯಾರಿಕೆ ನಿಂತಿತು. ಕೈಬದಲಾಗಿ ಅಗ್ಗಕ್ಕೆ ಸಿಕ್ಕ ಒಂದು 303ರ ಗುಂಡಿಗಳನ್ನು ತಿರುಗಿಸುತ್ತ ಫ್ಯೂಚರ್ ಎಂಬ ತಂಡದ ಹುಡುಗರು ಮಾಡಿದ ‘ಆ್ಯಸಿಡ್ ಟ್ರ್ಯಾಕ್ಸ್’ 1987ರಲ್ಲಿ ಹೊರಬಂತು. ಕಿಸೆಯಲ್ಲಿ ಹೆಚ್ಚು ದುಡ್ಡಿಲ್ಲದವರು ಕಟ್ಟಿದ ಸಂಗೀತ ಇದು. ಅದನ್ನು ಕೇಳಲು ದುಬಾರಿ ಸಲಕರಣೆಯೇ ಬೇಕೆನ್ನುವುದು ಅದರ ಚರಿತ್ರೆಗೇ ಹೊಂದುವುದಿಲ್ಲ. ಇವತ್ತಿನ ಮಾರುಕಟ್ಟೆಯಲ್ಲಂತೂ ಆ ಮಾತು ನಿಜವೂ ಅಲ್ಲ.

ಆದರೆ ಸಲಕರಣೆ ಯಾವುದಾದರೂ ನಡೆಯುತ್ತದೆ ಎಂದಲ್ಲ. 808ರ ಕಿಕ್ ಡ್ರಮ್ ಸುಮಾರು 50 ಹರ್ಟ್ಸ್‌ನಲ್ಲಿ ‘ಧೂಂ’ ಎಂದು ಎದ್ದು, ಉದ್ದಕ್ಕೆ ಎಳೆದುಕೊಂಡು ಹೋಗುತ್ತದೆ. ನಿರ್ಮಾಪಕರು ಅದನ್ನು ಇನ್ನೂ ಕೆಳಗಿಳಿಸಿ ಬಾಸ್ ಆಗಿಯೇ ನುಡಿಸುತ್ತಾರೆ. ಡಬ್‌ಸ್ಟೆಪ್, ಟೆಕ್ನೊ, ಹೌಸ್, ಟ್ರ್ಯಾಪ್ ಎಲ್ಲದರ ಬುನಾದಿ ಇರುವುದು 20ರಿಂದ 60 ಹರ್ಟ್ಸ್‌ಗಳ ನಡುವಿನ ಈ ತಳದಲ್ಲಿ. ಮೊಬೈಲ್‌ನ ಸ್ಪೀಕರ್ ಅಲ್ಲಿಗೆ ಇಳಿಯುವುದೇ ಇಲ್ಲ. ಐದಿಂಚಿನ ವೂಫರ್ ಇರುವ ಮೇಜಿನ ಮೇಲಿನ ಸ್ಪೀಕರ್ ಕೂಡ 50 ಹರ್ಟ್ಸ್‌ನ ಕೆಳಗೆ ಸೋಲತೊಡಗುತ್ತದೆ, ಏಕೆಂದರೆ ಇಡೀ ಕೋಣೆಯ ಗಾಳಿಯನ್ನು ಅಲುಗಿಸುವ ಹೊಣೆ ಅದರದು.

ಕಿವಿಯೊಳಗೆ ಕೂರುವ ಇಯರ್‌ಫೋನ್‌ಗೆ ಆ ಹೊಣೆ ಇಲ್ಲ. ಅದರ ಮುಂದೆ ಇರುವುದು ಕಿವಿನಾಳದ ಒಂದಿಷ್ಟು ಗಾಳಿ ಮಾತ್ರ. ಆ ಗಾಳಿಯನ್ನು ಸೋರದಂತೆ ಮುಚ್ಚಿಬಿಟ್ಟರೆ 10 ಮಿಲಿಮೀಟರಿನ ಪುಟ್ಟ ಪೊರೆಯೂ 20 ಹರ್ಟ್ಸ್‌ವರೆಗೆ ನಿರಾಯಾಸವಾಗಿ ಇಳಿಯಬಲ್ಲದು. ಬೇರೆ ಸಂಗೀತಕ್ಕೆ ಹೇಗೋ ಏನೋ, ಎಲೆಕ್ಟ್ರಾನಿಕ್ ಸಂಗೀತದ ನಿಜವಾದ ತಳವನ್ನು ಮುಟ್ಟಲು ಇದಕ್ಕಿಂತ ಅಗ್ಗದ ದಾರಿ ಇಲ್ಲ. ಮುಚ್ಚಿಗೆ ಎಲ್ಲಾದರೂ ಕೂದಲೆಳೆಯಷ್ಟು ಬಿರುಕು ಬಿಟ್ಟರೂ ಮೊದಲು ಮಾಯವಾಗುವುದು ಇದೇ ಬಾಸ್.

ಹಾಗಾಗಿ ಬೆಲೆಗಿಂತ, ಬ್ರ್ಯಾಂಡ್‌ಗಿಂತ ಮೊದಲು ಗಮನಿಸಬೇಕಾದ್ದು ತುದಿಯ ರಬ್ಬರ್ ಟಿಪ್. ಡಬ್ಬಿಯಲ್ಲಿ ಸಾಮಾನ್ಯವಾಗಿ ಮೂರು ಅಳತೆಯವು ಬರುತ್ತವೆ. ಬಹುಪಾಲು ಜನ ಮೊದಲೇ ಸಿಕ್ಕಿಸಿರುವ ನಡುವಿನ ಅಳತೆಯನ್ನೇ ಉಳಿಸಿಕೊಂಡು, ‘ಬಾಸ್ ಇಲ್ಲ’ ಎಂದು ಇಯರ್‌ಫೋನನ್ನೇ ಬೈಯುತ್ತಾರೆ. ಕೂರಿಸುವುದಕ್ಕೂ ಒಂದು ಕ್ರಮ ಇದೆ. ವೈರನ್ನು ಕಿವಿಯ ಮೇಲಿನಿಂದ ಹಿಂದಕ್ಕೆ ಹಾಯಿಸಿ, ಇನ್ನೊಂದು ಕೈಯನ್ನು ತಲೆಯ ಹಿಂದಿನಿಂದ ತಂದು ಕಿವಿಯ ಮೇಲ್ತುದಿಯನ್ನು ಹಿಡಿದು ಮೇಲಕ್ಕೂ ಹಿಂದಕ್ಕೂ ಮೆಲ್ಲಗೆ ಎಳೆಯಬೇಕು. ಬಾಗಿದ ಕಿವಿನಾಳ ಆಗ ನೆಟ್ಟಗಾಗುತ್ತದೆ. ಟಿಪ್ಪನ್ನು ಸ್ವಲ್ಪ ತಿರುಗಿಸುತ್ತ ಒಳಕ್ಕೆ ಒತ್ತಿ, ಕಿವಿಯನ್ನು ಬಿಟ್ಟುಬಿಡಬೇಕು. ಹೊರಗಿನ ಫ್ಯಾನಿನ ಸದ್ದು ಅಡಗಿ, ತನ್ನ ದನಿ ತನಗೇ ತಲೆಯೊಳಗೆ ಮೊಳಗಿದಂತೆ ಕೇಳಿದರೆ ಸರಿಯಾಗಿ ಕೂತಿದೆ ಎಂದರ್ಥ. ಅನೇಕರ ಎಡಗಿವಿ ಬಲಗಿವಿಯ ನಾಳಗಳ ಅಳತೆ ಒಂದೇ ಇರುವುದಿಲ್ಲ. ಒಂದಕ್ಕೆ ಮಧ್ಯಮ, ಇನ್ನೊಂದಕ್ಕೆ ದೊಡ್ಡದು ಹಾಕಿಕೊಳ್ಳಲು ಸಂಕೋಚ ಬೇಡ. ಯಾವುದೂ ಕೂರದಿದ್ದರೆ ಫೋಮ್ ಟಿಪ್ ಇದೆ. ಬೆರಳಲ್ಲಿ ಹೊಸೆದು ಸಣ್ಣದು ಮಾಡಿ ತೂರಿಸಿ ಅರ್ಧ ನಿಮಿಷ ಹಿಡಿದರೆ ಉಬ್ಬಿಕೊಂಡು ನಾಳವನ್ನು ತುಂಬುತ್ತದೆ. ಬೆವರು, ಜಿಡ್ಡಿಗೆ ಅದು ಬೇಗ ಸವೆಯುತ್ತದೆ, ಆಗಾಗ ಬದಲಿಸಬೇಕು.

ಇನ್ನು ಇಯರ್‌ಫೋನಿನ ವಿಷಯ. ಈ ಕುಲದ ಹಿರಿಯ, ಅಮೆರಿಕದ ಎಟಿಮೋಟಿಕ್ ಕಂಪನಿಯ ಇಆರ್-4, ಬಂದದ್ದು 1991ರಲ್ಲಿ. ಅದರೊಳಗಿದ್ದ ‘ಬ್ಯಾಲೆನ್ಸ್‌ಡ್ ಆರ್ಮೇಚರ್’ ಡ್ರೈವರ್, ಎಂದರೆ ದನಿ ಹೊರಡಿಸುವ ಭಾಗ, ಶ್ರವಣ ಸಾಧನಗಳಿಂದ ಬಂದದ್ದು. ದನಿ ಸ್ಫಟಿಕದಷ್ಟು ಸ್ಪಷ್ಟ, ಬಾಸ್ ಮಾತ್ರ ಮಿತ. 1995ರಲ್ಲಿ ಜೆರ್ರಿ ಹಾರ್ವೆ ಎಂಬ ಸೌಂಡ್ ಇಂಜಿನಿಯರ್ ವ್ಯಾನ್ ಹೇಲನ್ ತಂಡದ ಡ್ರಮ್ಮರ್‌ಗಾಗಿ ಕಿವಿಯ ಅಚ್ಚು ತೆಗೆದು ಮಾಡಿಕೊಟ್ಟ ಇಯರ್‌ಫೋನ್ ವೇದಿಕೆಯ ಮಾನಿಟರ್‌ಗಳ ಉದ್ಯಮಕ್ಕೆ ದೊಡ್ಡ ತಿರುವು ಕೊಟ್ಟಿತು. ಬಹುಕಾಲ ಇವೆಲ್ಲ ನೂರಾರು ಡಾಲರಿನ ಸರಕುಗಳೇ.

ಬೆಲೆ ಕುಸಿಯಲು ಮುಖ್ಯ ಕಾರಣ ಎರಡು. ಅಲುಗುವ ಪೊರೆಯ ಒಳ್ಳೆಯ ಡೈನಾಮಿಕ್ ಡ್ರೈವರ್‌ಗಳನ್ನು ಚೀನಾದ ಕಾರ್ಖಾನೆಗಳು ರಾಶಿಗಟ್ಟಲೆ ಮಾಡಲು ಕಲಿತವು. ಅದೇ ಹೊತ್ತಿಗೆ ಹಾರ್ಮನ್ ಕಂಪನಿಯಲ್ಲಿ ಷಾನ್ ಆಲಿವ್ ಮತ್ತು ಸಂಗಡಿಗರು, ಯಾವುದು ಯಾವ ಬ್ರ್ಯಾಂಡೆಂದು ತಿಳಿಸದೆ ಕೇಳಿಸಿ, ಜನ ನಿಜವಾಗಿ ಮೆಚ್ಚುವ ದನಿಯ ರೇಖೆ ಯಾವುದೆಂದು ಕಂಡುಕೊಂಡು ಪ್ರಕಟಿಸಿದರು. ಎಷ್ಟು ಬಾಸ್, ಎಷ್ಟು ಟ್ರೆಬಲ್ ಎಂಬ ನಕ್ಷೆಯೇ ಎದುರಿಗಿದ್ದಾಗ ಚಿಕ್ಕ ಕಂಪನಿಗೂ ಗುರಿ ತಪ್ಪುವುದಿಲ್ಲ. 2022ರಲ್ಲಿ ಸುಮಾರು 20 ಡಾಲರಿಗೆ ಬಂದ 7ಹರ್ಟ್ಸ್ ಸಾಲ್‌ನೋಟ್ಸ್ ಜೀರೊ ಮತ್ತು ಚೆಂಗ್ಡುವಿನ ಮೂನ್‌ಡ್ರಾಪ್‌ನ ಚೂ ಈ ಬದಲಾವಣೆಯ ಹೆಗ್ಗುರುತುಗಳು. ಎರಡರಲ್ಲೂ ಪ್ರತಿ ಕಿವಿಗೆ ತಲಾ ಒಂದೊಂದೇ ಡ್ರೈವರ್. ನಮ್ಮಲ್ಲಿ ಎರಡು ಸಾವಿರ ರೂಪಾಯಿಯ ಆಸುಪಾಸಿನಲ್ಲಿ ಸಿಗುವ ಇಂಥವನ್ನು ಮೊದಲ ಖರೀದಿಗೆ ಧೈರ್ಯವಾಗಿ ಹೇಳಬಹುದು.

ಬಾಸ್‌ನ ಹಸಿವು ಹೆಚ್ಚಿದ್ದರೆ ಟ್ರೂತಿಯರ್ ಜೀರೊ ರೆಡ್ ಕಡೆ ನೋಡಬೇಕು. ಸಿಂಗಪುರದ ವಿಮರ್ಶಕ ಕ್ರಿನಾಕಲ್ ಜೊತೆಗೂಡಿ ರೂಪಿಸಿದ, 50 ಡಾಲರಿಗಿಂತ ತುಸು ಮೇಲಿನ ಮಾದರಿ ಇದು. ಇದರಲ್ಲಿ ಎರಡು ಡೈನಾಮಿಕ್ ಡ್ರೈವರ್‌ಗಳಿವೆ, ಒಂದು ತಳದ ಬಾಸ್‌ಗೆಂದೇ ಮೀಸಲು. ಡಬ್ಬಿಯೊಳಗೆ 10 ಓಮ್‌ನ ಒಂದು ಪುಟ್ಟ ಅಡಾಪ್ಟರ್ ಇರುತ್ತದೆ. ವೈರಿನ ತುದಿಗೆ ಅದನ್ನು ಸಿಕ್ಕಿಸಿದರೆ ಕಿಕ್ ಡ್ರಮ್‌ಗೆ ತೂಕ ಬರುತ್ತದೆ, ತೆಗೆದರೆ ದನಿ ಮತ್ತೆ ಮೊದಲಿನ ಹದಕ್ಕೆ ಬರುತ್ತದೆ.

ಡಬ್ಬಿಯ ಮೇಲಿನ ‘ಎಕ್ಸ್‌ಟ್ರಾ ಬಾಸ್’ ಬರಹವನ್ನೂ ಡ್ರೈವರ್‌ಗಳ ಎಣಿಕೆಯನ್ನೂ ನಂಬಿ ದುಡ್ಡು ಕೊಡಬಾರದು. ಅಗ್ಗದ ಇಯರ್‌ಫೋನ್‌ಗಳು ಹಲವು ಸಲ ಕೊಡುವುದು ತಳದ ಬಾಸ್ ಅಲ್ಲ, 100ರಿಂದ 250 ಹರ್ಟ್ಸ್‌ಗಳ ನಡುವಿನ ಊತ. ಕಿಕ್ ಮತ್ತು ಬಾಸ್‌ಲೈನ್ ಒಂದರ ಮೇಲೊಂದು ಬಿದ್ದು ಎಲ್ಲವೂ ‘ಗುಂಯ್’ ಎನ್ನುತ್ತದೆ. ಇನ್ನೊಂದು ತುದಿಯಲ್ಲಿ 5ರಿಂದ 8 ಕಿಲೋಹರ್ಟ್ಸ್ ಸುತ್ತ ಚೂಪಾದ ಉಬ್ಬು. ಬೀಟ್‌ಗಳ ನಡುವೆ ಬಿಡದೆ ಬೀಳುವ ಟಿಆರ್-909 ಡ್ರಮ್ ಮಷೀನಿನ ಹೈ-ಹ್ಯಾಟ್ ಅದರಲ್ಲಿ ಸೂಜಿ ಚುಚ್ಚಿದಂತೆ ಕೇಳಿ, ಹತ್ತು ನಿಮಿಷದಲ್ಲಿ ಕಿವಿ ಬಳಲುತ್ತದೆ. ಕೊಳ್ಳುವ ಮುನ್ನ ವಿಮರ್ಶಕರು ಪ್ರಕಟಿಸುವ ಅಳತೆಯ ನಕ್ಷೆಯಲ್ಲಿ ಈ ಎರಡು ಜಾಗಗಳನ್ನು ನೋಡಿಕೊಂಡರೆ ಅರ್ಧ ಕೆಲಸ ಮುಗಿದಂತೆ.

ಉಳಿದರ್ಧ ಕೇಳಿಯೇ ತೀರ್ಮಾನವಾಗಬೇಕು. ಜೇಮ್ಸ್ ಬ್ಲೇಕ್ ಹಾಡಿರುವ ‘ಲಿಮಿಟ್ ಟು ಯುವರ್ ಲವ್’ನಲ್ಲಿ ಪಿಯಾನೊ ಸುಮ್ಮನಾದಲ್ಲಿ ನಡುಗುವ ತಳದ ಬಾಸ್ ಬರುತ್ತದೆ. ಸಾಧಾರಣ ಸಲಕರಣೆಯಲ್ಲಿ ಆ ಜಾಗ ಬರೀ ಖಾಲಿ. ಜಾರ್ಜಿಯೊ ಮೊರೊಡರ್ ನಿರ್ಮಾಣದಲ್ಲಿ ಡೊನಾ ಸಮ್ಮರ್ 1977ರಲ್ಲಿ ಹಾಡಿದ ‘ಐ ಫೀಲ್ ಲವ್’ನಲ್ಲಿ ಬಾಸ್‌ನ ಸ್ವರಗಳು ಒಂದು ಕಿವಿಯಲ್ಲಿ, ಅವುಗಳ ಮರುದನಿ ಇನ್ನೊಂದರಲ್ಲಿ. ಎರಡೂ ಬಿಡಿಬಿಡಿಯಾಗಿ ಕೇಳದಿದ್ದರೆ ಒಂದು ಕಡೆ ಟಿಪ್ ಸೋರುತ್ತಿರಬಹುದು. ಚರಣ್‌ಜಿತ್ ಸಿಂಗರ ಯಮನ್ ಕೂಡ ಒಳ್ಳೆಯ ಪರೀಕ್ಷೆಯೇ. 303ರ ಸ್ವರಗಳು ಜಾರುವ ರೀತಿ ಅದರಲ್ಲಿ ಎದ್ದು ಕಾಣುತ್ತದೆ.

ಬಸ್ಸಿನಲ್ಲಿ ಕೇಳುವವರಿಗೆ ಇನ್ನೊಂದು ಮಾತು. ಎಂಜಿನ್ನಿನ ಗುಡುಗು ಇರುವುದೂ ಕೆಳಗಿನ ಹರ್ಟ್ಸ್‌ಗಳಲ್ಲೇ. ಅದು ಬಾಸನ್ನು ನುಂಗುತ್ತದೆ, ಕೇಳುಗ ವಾಲ್ಯೂಮ್ ಏರಿಸುತ್ತಾನೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ವಯಸ್ಕರಿಗೆ 80 ಡೆಸಿಬೆಲ್‌ನಲ್ಲಿ ವಾರಕ್ಕೆ 40 ಗಂಟೆ ಸುರಕ್ಷಿತ. 90ಕ್ಕೆ ಏರಿದರೆ ನಾಲ್ಕೇ ಗಂಟೆ. ಟಿಪ್ ಬಿಗಿಯಾಗಿ ಕೂತಿದ್ದರೆ ಹೊರಗಿನ ಸದ್ದು ತಾನಾಗಿ ತಗ್ಗುವುದರಿಂದ ವಾಲ್ಯೂಮ್ ಏರಿಸುವ ಪ್ರಮೇಯವೇ ಬರುವುದಿಲ್ಲ. ರಸ್ತೆ ದಾಟುವಾಗ ಮಾತ್ರ ತೆಗೆದಿಡಬೇಕು.

ಈಗಿನ ಹೆಚ್ಚಿನ ಫೋನ್‌ಗಳಲ್ಲಿ 3.5 ಎಂಎಂ ಜ್ಯಾಕ್ ಇಲ್ಲ. ಸಾವಿರ ರೂಪಾಯಿಯೊಳಗಿನ ಯುಎಸ್‌ಬಿ-ಸಿ ಡಾಂಗಲ್ ಈ ಮಾದರಿಗಳಿಗೆ ಸಾಕು, ದೊಡ್ಡ ಆ್ಯಂಪ್ಲಿಫೈಯರ್ ಬೇಡ. ಬಾಸ್ ಇನ್ನೂ ಬೇಕೆನಿಸಿದರೆ ಈಕ್ವಲೈಜರ್ ಆ್ಯಪ್‌ನಲ್ಲಿ 100 ಹರ್ಟ್ಸ್‌ನ ಕೆಳಗೆ ಮೂರ್ನಾಲ್ಕು ಡೆಸಿಬೆಲ್ ಏರಿಸಿ, ಒಟ್ಟು ಮಟ್ಟವನ್ನು ಅಷ್ಟೇ ಇಳಿಸಿದರೆ ದನಿ ಒಡೆಯುವುದಿಲ್ಲ. ವೈರ್ ಕಳಚಿ ಬದಲಿಸಲು ಬರುವ ಮಾದರಿಯನ್ನೇ ಕೇಳಿ ಕೊಳ್ಳಬೇಕು. ಮೊದಲ ಚೂನಲ್ಲಿ ವೈರ್ ಕಳಚಲು ಬರುತ್ತಿರಲಿಲ್ಲ, ಚೂ 2ರಲ್ಲಿ ಆ ಕೊರತೆ ನೀಗಿದೆ. ಇಯರ್‌ಫೋನ್ ಕೆಡುವುದು ಹೆಚ್ಚಾಗಿ ಪ್ಲಗ್ಗಿನ ಬುಡದಲ್ಲಿ ವೈರ್ ತುಂಡಾಗಿ. 0.78 ಎಂಎಂ ಎರಡು ಪಿನ್ನಿನ ವೈರ್ ಕೆಲವೇ ನೂರು ರೂಪಾಯಿಗೆ ಸಿಗುತ್ತದೆ, ಹಾಕಿಕೊಳ್ಳಲು ಒಂದು ನಿಮಿಷ ಸಾಕು.