ಲಾಭ ಈಗ ಎಲ್ಲಿದೆ?

2009ರ ಜನವರಿ 7ರಂದು ಹೈದರಾಬಾದಿನ ಸತ್ಯಂ ಕಂಪ್ಯೂಟರ್ ಸರ್ವೀಸಸ್ ಅಧ್ಯಕ್ಷ ಬಿ. ರಾಮಲಿಂಗ ರಾಜು ತಮ್ಮ ನಿರ್ದೇಶಕ ಮಂಡಳಿಗೆ ಬರೆದ ಪತ್ರದಲ್ಲಿ ಒಂದೇ ತ್ರೈಮಾಸಿಕದ ಎರಡು ಲೆಕ್ಕಗಳಿದ್ದವು. 2008ರ ಸೆಪ್ಟೆಂಬರಿಗೆ ಮುಗಿದ ಮೂರು ತಿಂಗಳಿಗೆ ಕಂಪನಿ ತೋರಿಸಿದ್ದ ಆದಾಯ 2,700 ಕೋಟಿ ರೂಪಾಯಿ, ನಿಜವಾದದ್ದು 2,112 ಕೋಟಿ. ತೋರಿಸಿದ್ದ ಕಾರ್ಯಾಚರಣೆಯ ಲಾಭ 649 ಕೋಟಿ, ನಿಜವಾದದ್ದು 61 ಕೋಟಿ. ಎರಡು ಕಡೆಯೂ ವ್ಯತ್ಯಾಸ 588 ಕೋಟಿ. ಅಷ್ಟೇ ಮೊತ್ತ ಆ ಮೂರು ತಿಂಗಳಲ್ಲಿ ನಗದು ಮತ್ತು ಬ್ಯಾಂಕ್ ಶಿಲ್ಕಿಗೂ ಸುಳ್ಳಾಗಿ ಸೇರಿತ್ತು.

ದ್ವಿನಮೂದು ಲೆಕ್ಕ ಪದ್ಧತಿಯ ಗುಣವೇ ಇದು. ಲಾಭದಲ್ಲಿ ಒಂದು ರೂಪಾಯಿ ಹೆಚ್ಚು ಬರೆದರೆ ಬ್ಯಾಲೆನ್ಸ್ ಶೀಟಿನಲ್ಲಿ ಒಂದು ರೂಪಾಯಿ ಆಸ್ತಿ ಏರಬೇಕು, ಇಲ್ಲವೇ ಒಂದು ರೂಪಾಯಿ ಸಾಲ ಇಳಿಯಬೇಕು. ಹಾಗಾಗದಿದ್ದರೆ ಎರಡು ಬದಿ ಕೂಡುವುದಿಲ್ಲ. ಅದಕ್ಕೇ ವಾರ್ಷಿಕ ವರದಿಯನ್ನು ಕೈಗೆತ್ತಿಕೊಂಡವರು ‘ಲಾಭ ಎಷ್ಟು?’ ಎಂದು ನೋಡಿದ ಮರುಕ್ಷಣವೇ ‘ಆ ಲಾಭ ಈಗ ಎಲ್ಲಿದೆ?’ ಎಂದು ಕೇಳಬೇಕು. ಪ್ರಾಮಾಣಿಕ ಕಂಪನಿಗಳ ಸಾಧನೆ ಅಳೆಯಲೂ ಇಷ್ಟು ಉಪಯುಕ್ತವಾದ ಪ್ರಶ್ನೆ ನನಗೆ ಬೇರೆ ಕಂಡಿಲ್ಲ.

ಓದಬೇಕಾದ ಪಟ್ಟಿಗಳು ಮೂರು. ವರ್ಷವಿಡೀ ಗಳಿಸಿದ್ದು, ಖರ್ಚಾದದ್ದು ಲಾಭ-ನಷ್ಟದ ಪಟ್ಟಿಯಲ್ಲಿರುತ್ತದೆ. ಮಾರ್ಚ್ 31ರಂದು ಕಂಪನಿಯ ಬಳಿ ಏನಿತ್ತು, ಯಾರಿಗೆ ಎಷ್ಟು ಕೊಡಬೇಕಿತ್ತು ಎಂಬುದು ಬ್ಯಾಲೆನ್ಸ್ ಶೀಟಿನಲ್ಲಿ. ಕೈಗೆ ನಿಜವಾಗಿ ಬಂದ, ಕೈಯಿಂದ ಹೋದ ಹಣ ನಗದು ಹರಿವಿನ ಪಟ್ಟಿಯಲ್ಲಿ. ಷೇರುಪೇಟೆಯಲ್ಲಿ ನೋಂದಾಯಿತವಾದ ಕಂಪನಿಯಾದರೆ ಇವೆಲ್ಲ ಅದರ ಜಾಲತಾಣದಲ್ಲೂ ಬಿಎಸ್‌ಇ, ಎನ್‌ಎಸ್‌ಇ ತಾಣಗಳಲ್ಲೂ ಉಚಿತವಾಗಿ ಸಿಗುತ್ತವೆ.

ಒಂದು ಕಾಲ್ಪನಿಕ ಲೆಕ್ಕ ಹಾಕೋಣ. ಪೀಠೋಪಕರಣ ತಯಾರಿಸುವ ಕಂಪನಿಯೊಂದರ ಮಾರಾಟ ಒಂದು ವರ್ಷದಲ್ಲಿ 400 ಕೋಟಿಯಿಂದ 500 ಕೋಟಿಗೆ, ನಿವ್ವಳ ಲಾಭ 35 ಕೋಟಿಯಿಂದ 40 ಕೋಟಿಗೆ ಏರಿತು. ಸುದ್ದಿಯಲ್ಲಿ ಬರುವುದು ಇಷ್ಟೇ. ಬ್ಯಾಲೆನ್ಸ್ ಶೀಟ್ ತೆರೆದರೆ, ಗ್ರಾಹಕರಿಂದ ಬರಬೇಕಾದ ಬಾಕಿ 80 ಕೋಟಿಯಿಂದ 150 ಕೋಟಿಯಾಗಿದೆ, ದಾಸ್ತಾನು 60ರಿಂದ 85 ಕೋಟಿಗೆ ಹೋಗಿದೆ. ಕಂಪನಿ ತನ್ನ ಸರಬರಾಜುದಾರರಿಗೆ ಕೊಡಬೇಕಾದದ್ದು 50ರಿಂದ 55 ಕೋಟಿಗೆ ಏರಿದೆ. ಈಗ 40 ಕೋಟಿ ಲಾಭಕ್ಕೆ 15 ಕೋಟಿ ಸವಕಳಿಯನ್ನು ಮರಳಿ ಕೂಡಿಸಿ (ಸವಕಳಿ ಖರ್ಚೆಂದು ಬರೆದರೂ ಆ ವರ್ಷ ಕೈಯಿಂದ ಹಣ ಹೋಗಿರುವುದಿಲ್ಲ), ಬಾಕಿಯಲ್ಲಿ ಹೆಚ್ಚಾದ 70 ಕೋಟಿ, ದಾಸ್ತಾನಿನಲ್ಲಿ ಹೆಚ್ಚಾದ 25 ಕೋಟಿ ಕಳೆದು, ಸರಬರಾಜುದಾರರಿಗೆ ಇನ್ನೂ ಕೊಡದ 5 ಕೋಟಿ ಕೂಡಿಸಿ. ಉಳಿಯುವುದು ಋಣ 35 ಕೋಟಿ. ನಗದು ಹರಿವಿನ ಪಟ್ಟಿಯಲ್ಲಿ ಬಡ್ಡಿಯನ್ನು ಬೇರೆ ತಲೆಬರಹದಡಿ ತೋರಿಸುವ ನಿಯಮವನ್ನು ಸದ್ಯಕ್ಕೆ ಬದಿಗಿಟ್ಟಿದ್ದೇನೆ. ಲಾಭ 40 ಕೋಟಿ, ಆದರೆ ವ್ಯವಹಾರವೇ 35 ಕೋಟಿ ನಗದನ್ನು ನುಂಗಿದೆ. ಆ ಕೊರತೆ ತುಂಬಲು ಕಂಪನಿ ಸಾಲ ಮಾಡಿರಬೇಕು, ಹೊಸ ಬಂಡವಾಳ ತಂದಿರಬೇಕು, ಇಲ್ಲವೇ ಕೈಯಲ್ಲಿದ್ದ ಹಣ ಕರಗಿಸಿರಬೇಕು.

ಮಾರಾಟ ಏರಿದ್ದು ಶೇ. 25, ಬಾಕಿ ಏರಿದ್ದು ಶೇ. 87ಕ್ಕೂ ಹೆಚ್ಚು. ಬಾಕಿಯನ್ನು ಮಾರಾಟದಿಂದ ಭಾಗಿಸಿ 365ರಿಂದ ಗುಣಿಸಿದರೆ, ಹಿಂದಿನ ವರ್ಷ 73 ದಿನದಲ್ಲಿ ಬರುತ್ತಿದ್ದ ಹಣ ಈಗ ಸುಮಾರು 110 ದಿನ ಹಿಡಿಯುತ್ತಿದೆ ಎಂದು ತಿಳಿಯುತ್ತದೆ. ಉದ್ರಿ ಧಾರಾಳವಾಗಿ ಕೊಟ್ಟು ಮಾರಾಟ ಹೆಚ್ಚಿಸಿರಬಹುದು. ಮಾರ್ಚ್ ಕೊನೆಯ ವಾರ ಡೀಲರ್‌ಗಳ ಗೋದಾಮಿಗೆ ಸರಕು ತುರುಕಿ ಬಿಲ್ ಮಾಡಿರಬಹುದು. ದೊಡ್ಡ ಗ್ರಾಹಕನೊಬ್ಬ ಹಣ ಕೊಡದೆ ಕೂತಿರಲೂಬಹುದು. ಯಾವುದೆಂದು ತಿಳಿಯಲು ಈಗ ಒಳ್ಳೆಯ ದಾರಿಯಿದೆ. 2021ರ ತಿದ್ದುಪಡಿಯ ನಂತರ ಕಂಪನಿ ಕಾಯ್ದೆಯ ಮೂರನೇ ಅನುಸೂಚಿಯಡಿ ಬಾಕಿಯನ್ನು ಅದರ ವಯಸ್ಸಿನ ಪ್ರಕಾರ ಟಿಪ್ಪಣಿಯಲ್ಲಿ ವಿಂಗಡಿಸಿ ತೋರಿಸಲೇಬೇಕು: ಆರು ತಿಂಗಳೊಳಗಿನದು, ಆರು ತಿಂಗಳಿಂದ ಒಂದು ವರ್ಷದ್ದು, ಹೀಗೆ ಮೂರು ವರ್ಷ ದಾಟಿದ್ದರವರೆಗೆ. ಮುಖ್ಯ ಅನುಪಾತಗಳಲ್ಲಿ ಶೇ. 25ಕ್ಕಿಂತ ಹೆಚ್ಚು ಬದಲಾವಣೆಯಾದರೆ ಕಾರಣವನ್ನೂ ಬರೆಯಬೇಕು. ಬಣ್ಣದ ಚಿತ್ರಗಳಿರುವ ಮೊದಲ ಪುಟಗಳಿಗಿಂತ ಈ ಟಿಪ್ಪಣಿಗಳಿಗೆ ಹೆಚ್ಚು ಸಮಯ ಕೊಡಿ.

ಉದ್ಯಮದ ಸ್ವಭಾವ ತಿಳಿಯದೆ ತೀರ್ಪು ಕೊಡುವುದೂ ತಪ್ಪು. ಬೆಳಗಾವಿ, ಬಾಗಲಕೋಟೆ ಕಡೆಯ ಸಕ್ಕರೆ ಕಾರ್ಖಾನೆಗಳು ಚಳಿಗಾಲದುದ್ದಕ್ಕೂ ಕಬ್ಬು ಅರೆದು, ಆ ಸಕ್ಕರೆಯನ್ನು ವರ್ಷವಿಡೀ ಮಾರುತ್ತವೆ. ಹಾಗಾಗಿ ಮಾರ್ಚ್ 31ರಂದು ಗೋದಾಮು ತುಂಬಿರುವುದು, ಅದರ ಮೇಲೆ ಬ್ಯಾಂಕ್ ಸಾಲ ಇರುವುದು ಸಹಜ. ಅಲ್ಲಿ ಹೋಲಿಕೆ ಹಿಂದಿನ ಮಾರ್ಚ್ 31ರೊಂದಿಗೆ ಇರಬೇಕು, ಜೊತೆಗೆ ರೈತರಿಗೆ ಕೊಡಬೇಕಾದ ಕಬ್ಬಿನ ಬಾಕಿಯನ್ನೂ ನೋಡಬೇಕು. ಬ್ಯಾಂಕುಗಳಿಗಂತೂ ಈ ಲೆಕ್ಕ ಹೊಂದುವುದೇ ಇಲ್ಲ. ಅಲ್ಲಿ ಸಾಲದ ವಸೂಲಿ, ವಸೂಲಾಗದೆ ನಿಂತ ಸಾಲದ ಅಂದರೆ ಎನ್‌ಪಿಎ ಪ್ರಮಾಣವೇ ಮುಖ್ಯ.

‘ನಗದು ಇದ್ದರೆ ಸಾಕು, ಕಂಪನಿ ಭದ್ರ’ ಎನ್ನುವವರಿಗೆ ಸತ್ಯಂ ಪ್ರಕರಣವೇ ಉತ್ತರ. ಪತ್ರದ ಪ್ರಕಾರ ಪುಸ್ತಕದಲ್ಲಿದ್ದ 5,361 ಕೋಟಿ ನಗದು ಮತ್ತು ಬ್ಯಾಂಕ್ ಶಿಲ್ಕಿನಲ್ಲಿ 5,040 ಕೋಟಿ ಇರಲೇ ಇಲ್ಲ. ಆ ಸುಳ್ಳು ಹಣಕ್ಕೆ ಸುಳ್ಳು ಬಡ್ಡಿಯನ್ನೂ ತೋರಿಸಬೇಕಾಯಿತು: ಬರಬೇಕಾದ ಬಡ್ಡಿಯೆಂದು 376 ಕೋಟಿ. ಇದರಿಂದ ಕಲಿಯುವುದಿಷ್ಟು: ಶಿಲ್ಕು ದೊಡ್ಡದಿದ್ದರೆ ಆ ವರ್ಷ ಅದರ ಮೇಲೆ ಬಂದ ಬಡ್ಡಿ ಠೇವಣಿ ದರಕ್ಕೆ ಹೊಂದುತ್ತದೆಯೇ, ಆ ಬಡ್ಡಿ ಕೈಗೆ ಬಂದಿದೆಯೇ, ಕೈ ತುಂಬ ಹಣವಿದ್ದೂ ಕಂಪನಿ ಸಾಲ ಏಕೆ ಮಾಡುತ್ತಿದೆ, ಲಾಭಾಂಶ ಏಕೆ ಕೊಡುತ್ತಿಲ್ಲ ಎಂದು ನೋಡಬೇಕು.

ಲಾಭ ಹೋಗಿ ಕೂರುವ ಇನ್ನೊಂದು ಜಾಗ ಸ್ಥಿರಾಸ್ತಿ. 2002ರಲ್ಲಿ ಅಮೆರಿಕದ ವರ್ಲ್ಡ್‌ಕಾಮ್ ಬೇರೆ ಕಂಪನಿಗಳ ದೂರವಾಣಿ ಜಾಲ ಬಳಸಿದ್ದಕ್ಕೆ ಕೊಟ್ಟ ದಿನನಿತ್ಯದ ಖರ್ಚನ್ನೇ ಆಸ್ತಿಯೆಂದು ಬರೆದದ್ದು ಬಯಲಾಯಿತು. ಆರಂಭದಲ್ಲಿ ಹೊರಬಿದ್ದ ಮೊತ್ತವೇ 380 ಕೋಟಿ ಡಾಲರ್.

ನಮ್ಮ ಕಡೆ ಹೆಚ್ಚು ಕಾಣುವುದು ಪ್ರವರ್ತಕರ ಖಾಸಗಿ ಕಂಪನಿಗಳಿಗೆ ಹಣ ಹರಿಯುವುದು. ಕಾಫಿ ಡೇ ಎಂಟರ್‌ಪ್ರೈಸಸ್ ಸಂಸ್ಥಾಪಕ ವಿ.ಜಿ. ಸಿದ್ಧಾರ್ಥ 2019ರ ಜುಲೈನಲ್ಲಿ ತೀರಿಕೊಂಡ ನಂತರ ಆಡಳಿತ ಮಂಡಳಿ ತನಿಖೆ ಮಾಡಿಸಿತು. ಪ್ರವರ್ತಕರ ಖಾಸಗಿ ಕಂಪನಿಯಾದ ಮೈಸೂರು ಅಮಾಲ್ಗಮೇಟೆಡ್ ಕಾಫಿ ಎಸ್ಟೇಟ್ಸ್‌ನಿಂದ ಕಾಫಿ ಡೇಯ ಉಪಕಂಪನಿಗಳಿಗೆ 3,535 ಕೋಟಿ ರೂಪಾಯಿ ಬರಬೇಕಿದೆ ಎಂದು 2020ರ ಜುಲೈನಲ್ಲಿ ಬಂದ ವರದಿ ಹೇಳಿತು. ಅದರಲ್ಲಿ 842 ಕೋಟಿ 2019ರ ಮಾರ್ಚ್ 31ರ ಹೊತ್ತಿಗೇ ಬಾಕಿಯಿತ್ತು. ಬಾಕಿ ಇದ್ದದ್ದು ಉಪಕಂಪನಿಗಳಿಗೆ ಎಂಬುದನ್ನು ಗಮನಿಸಿ. ಮಾತೃಕಂಪನಿಯ ಪ್ರತ್ಯೇಕ ಲೆಕ್ಕವನ್ನಷ್ಟೇ ಓದುವವರಿಗೆ ಇಂಥದ್ದು ಸಿಗದು. ಉಪಕಂಪನಿಗಳನ್ನೂ ಸೇರಿಸಿದ ಕ್ರೋಡೀಕೃತ ಲೆಕ್ಕಪತ್ರ, ಅದರ ಹಿಂದಿರುವ ‘ಸಂಬಂಧಿತ ಪಕ್ಷಗಳ ವ್ಯವಹಾರ’ ಎಂಬ ಟಿಪ್ಪಣಿ, ಇವೆರಡನ್ನೂ ಬಿಡಬಾರದು.

ಇಷ್ಟೆಲ್ಲ ಪರೀಕ್ಷೆ ದಾಟಿದ ಮೇಲೆ ಸಾಧನೆಯ ಮಾತು. ನಾನು ಹೆಚ್ಚು ನಂಬುವ ಅಳತೆ, ತೊಡಗಿಸಿದ ಬಂಡವಾಳಕ್ಕೆ ಸಿಕ್ಕ ಪ್ರತಿಫಲ: ಬಡ್ಡಿ, ತೆರಿಗೆ ಕಳೆಯುವ ಮೊದಲಿನ ಲಾಭವನ್ನು ಸ್ವಂತ ಬಂಡವಾಳ ಮತ್ತು ಸಾಲದ ಮೊತ್ತದಿಂದ ಭಾಗಿಸುವುದು. ಪೀಠೋಪಕರಣ ಕಂಪನಿಯಲ್ಲಿ ಹಿಂದಿನ ವರ್ಷ 220 ಕೋಟಿ ಬಂಡವಾಳಕ್ಕೆ ಅಂಥ ಲಾಭ 55 ಕೋಟಿ ಇತ್ತು, ಅಂದರೆ ಶೇ. 25. ಈ ವರ್ಷ 300 ಕೋಟಿಗೆ 65 ಕೋಟಿ, ಶೇ. 22ರ ಆಸುಪಾಸು. ಲಾಭ ಏರಿದೆ, ಹಣದ ದುಡಿಮೆ ಕುಗ್ಗಿದೆ. ಜಮೀನು ಮಾರಿ ಬಂದಂಥ ಒಂದು ಸಲದ ಆದಾಯವಿದ್ದರೆ ಅದನ್ನು ಮೊದಲೇ ತೆಗೆದುಬಿಡಿ. ಒಂದೇ ವರ್ಷದಿಂದ ಏನೂ ನಿರ್ಧರಿಸಬೇಡಿ. ಐದು ವರ್ಷದ ನಿವ್ವಳ ಲಾಭವನ್ನು ಕೂಡಿಸಿ, ಪಕ್ಕದಲ್ಲಿ ಅದೇ ಐದು ವರ್ಷ ಕಾರ್ಯಾಚರಣೆಯಿಂದ ಬಂದ ನಗದನ್ನು ಕೂಡಿಸಿ ಇಟ್ಟರೆ ಸಾಕಷ್ಟು ತಿಳಿಯುತ್ತದೆ.

ಲೆಕ್ಕಪರಿಶೋಧಕರ ವರದಿಯಲ್ಲಿ ‘ಷರತ್ತಿಗೆ ಒಳಪಟ್ಟು’, ‘ಅಭಿಪ್ರಾಯ ನೀಡಲಾಗದು’ ಎಂಬ ಅರ್ಥದ ಮಾತುಗಳಿದ್ದರೆ ಅಲ್ಲೇ ನಿಲ್ಲಿ. ಅವಧಿ ಮುಗಿಯುವ ಮೊದಲೇ ಆಡಿಟರ್ ರಾಜೀನಾಮೆ ಕೊಟ್ಟಿದ್ದರೆ ಕಾರಣ ಹುಡುಕಿ. ಆದರೂ ಸ್ವಚ್ಛ ವರದಿಯೇ ಕೊನೆಯ ಮಾತಲ್ಲ, ಸತ್ಯಂ ಲೆಕ್ಕಕ್ಕೂ ಆಡಿಟರ್ ಸಹಿ ಇತ್ತು.

ಸಾಮಾನ್ಯವಾಗಿ ಕಂಪನಿಗಳು ಸೆಪ್ಟೆಂಬರ್ 30ರೊಳಗೆ ವಾರ್ಷಿಕ ಮಹಾಸಭೆ ನಡೆಸುತ್ತವೆ, 21 ದಿನ ಮುಂಚೆ ಸೂಚನೆ ಕಳಿಸುತ್ತವೆ. ಒಂದೇ ಷೇರು ಇರುವವರೂ ಅಲ್ಲಿ ಮಾತಾಡಬಹುದು. ಬಾಕಿಯ ವಯಸ್ಸಿನ ಪಟ್ಟಿಯ ಪುಟಸಂಖ್ಯೆ ಹೇಳಿ, ‘ಒಂದು ವರ್ಷ ದಾಟಿದ ಈ ಮೊತ್ತದಲ್ಲಿ ಮಾರ್ಚ್ ನಂತರ ಎಷ್ಟು ವಸೂಲಾಗಿದೆ?’ ಎಂದು ಕೇಳಿ. ಏಪ್ರಿಲ್‌ನಿಂದ ಸಭೆಯ ದಿನದವರೆಗೆ ಬಂದ ಹಣದ ಲೆಕ್ಕ ಆ ಹೊತ್ತಿಗೆ ಅವರ ಬಳಿ ಇದ್ದೇ ಇರುತ್ತದೆ.