ಬರೆದವರ ಕೈಗೇ ಮರಳಿದ ಹಾಡು: ಟೇಲರ್ ಸ್ವಿಫ್ಟ್ ಗೆದ್ದ ಬಗೆ

ಅಮೆರಿಕದ ಪಾಪ್ ಗಾಯಕಿ ಟೇಲರ್ ಸ್ವಿಫ್ಟ್ 2025ರ ಮೇ 30ರಂದು ತಮ್ಮ ಅಂತರ್ಜಾಲ ತಾಣದಲ್ಲಿ ಅಭಿಮಾನಿಗಳಿಗೆ ಪತ್ರವೊಂದನ್ನು ಬರೆದರು. ತಮ್ಮ ಮೊದಲ 6 ಆಲ್ಬಂಗಳ ಮೂಲ ಧ್ವನಿಮುದ್ರಣಗಳನ್ನು, ಅವುಗಳ ವಿಡಿಯೋ, ಹೊದಿಕೆ ಚಿತ್ರ ಮತ್ತು ಬಿಡುಗಡೆಯಾಗದ ಹಾಡುಗಳ ಸಮೇತ, ಶ್ಯಾಮ್‌ರಾಕ್ ಕ್ಯಾಪಿಟಲ್ ಎಂಬ ಹೂಡಿಕೆ ಸಂಸ್ಥೆಯಿಂದ ಖರೀದಿಸಿರುವುದಾಗಿ ಅದರಲ್ಲಿ ತಿಳಿಸಿದರು. ಖರೀದಿಯ ಮೊತ್ತ ಸುಮಾರು 36 ಕೋಟಿ ಡಾಲರ್ ಎಂದು ವರದಿಯಾಯಿತು.

ತಾವೇ ಬರೆದು, ತಾವೇ ಹಾಡಿ, ಜಗತ್ತಿನಾದ್ಯಂತ ಜನಪ್ರಿಯವಾದ ಹಾಡುಗಳನ್ನು ಗಾಯಕಿಯೊಬ್ಬರು ದುಡ್ಡು ಕೊಟ್ಟು ಕೊಳ್ಳಬೇಕಾಗಿ ಬಂದದ್ದಾದರೂ ಏಕೆ? ಅದಕ್ಕೂ ಮೊದಲು, ಅವೇ ಹಾಡುಗಳನ್ನು ಮತ್ತೊಮ್ಮೆ ಹಾಡಿ ಬಿಡುಗಡೆ ಮಾಡಿದ್ದೇಕೆ? ಸ್ವಿಫ್ಟ್ ಅವರ 2 ದಶಕಗಳ ವೃತ್ತಿಜೀವನದ ತಿರುಳು ಈ ಪ್ರಶ್ನೆಗಳಲ್ಲಿಯೇ ಅಡಗಿದೆ. ಅವರ ಪ್ರೇಮ ಪ್ರಸಂಗಗಳ ಬಗ್ಗೆ ಪತ್ರಿಕೆಗಳು ಸುರಿದಿರುವ ಶಾಯಿಯ ಹತ್ತನೆಯ ಒಂದು ಪಾಲನ್ನೂ ಈ ವಿಷಯಕ್ಕೆ ವ್ಯಯಿಸಿಲ್ಲ ಎಂಬುದು ಬೇರೆ ಮಾತು.

ನ್ಯಾಶ್‌ವಿಲ್ ಹಾದಿ

1989ರ ಡಿಸೆಂಬರ್ 13ರಂದು ಪೆನ್ಸಿಲ್ವೇನಿಯಾ ರಾಜ್ಯದಲ್ಲಿ ಜನಿಸಿದ ಸ್ವಿಫ್ಟ್ ಅವರ ಬಾಲ್ಯ ಕಳೆದದ್ದು ಕ್ರಿಸ್‌ಮಸ್ ಮರಗಳನ್ನು ಬೆಳೆಯುವ ತೋಟದಲ್ಲಿ. ಹೆತ್ತವರು ಮಗಳಿಗೆ ಹೆಸರಿಟ್ಟದ್ದು ಗಾಯಕ ಜೇಮ್ಸ್ ಟೇಲರ್ ಅವರ ನೆನಪಿನಲ್ಲಿ. ಬಾಲಕಿಗೆ 14 ತುಂಬಿದಾಗ ಇಡೀ ಕುಟುಂಬ ಕಂಟ್ರಿ ಸಂಗೀತದ ರಾಜಧಾನಿ ಎನಿಸಿದ ನ್ಯಾಶ್‌ವಿಲ್ ಬಳಿಗೆ ಬಂದು ನೆಲೆಸಿತು. ದೊಡ್ಡ ಕಂಪೆನಿಯಾದ ಆರ್‌ಸಿಎ ಜತೆ ಆಗಲೇ ಆರಂಭಿಕ ಒಪ್ಪಂದವೊಂದು ಇತ್ತು. ಆದರೆ ಅಲ್ಲಿ ಕಾಯುತ್ತ ಕೂರಲು ಮನಸ್ಸಾಗದೆ ಅವರು ಹೊರಬಂದರು. ಅದೇ ವಯಸ್ಸಿನಲ್ಲಿ ಸೋನಿ ಎಟಿವಿ ಎಂಬ ಸಂಗೀತ ಪ್ರಕಾಶನ ಸಂಸ್ಥೆ ಅವರನ್ನು ಗೀತರಚನೆಕಾರ್ತಿಯಾಗಿ ನೇಮಿಸಿಕೊಂಡಿತು. ಶಾಲೆ ಬಿಟ್ಟ ಮೇಲೆ ಹಿರಿಯ ಗೀತರಚನೆಕಾರರ ಜತೆ ಕುಳಿತು ಹಾಡು ಕಟ್ಟುವುದು ದಿನಚರಿಯಾಯಿತು. ಗಾಯಕಿ ಎನಿಸುವುದಕ್ಕೆ ಮುನ್ನ ಅವರು ಸಂಬಳ ಪಡೆಯುವ ಬರಹಗಾರ್ತಿಯಾಗಿದ್ದರು. ಈ ಅಂಶ ಮುಂದಿನ ಕಥೆಗೆ ಮುಖ್ಯ.

2005ರಲ್ಲಿ ನ್ಯಾಶ್‌ವಿಲ್‌ನ ಬ್ಲೂಬರ್ಡ್ ಕೆಫೆಯಲ್ಲಿ ಹಾಡಿದ ಹುಡುಗಿಯನ್ನು ಗುರುತಿಸಿದವರು ಸ್ಕಾಟ್ ಬೋರ್ಚೆಟಾ. ಅವರು ಆಗಷ್ಟೇ 'ಬಿಗ್ ಮೆಷಿನ್' ಎಂಬ ಹೊಸ ಧ್ವನಿಮುದ್ರಣ ಕಂಪೆನಿಯನ್ನು ಕಟ್ಟುತ್ತಿದ್ದರು. ಒಪ್ಪಂದವಾಯಿತು. ಹಣ ಹೂಡುವುದು, ಮುದ್ರಿಸುವುದು, ಮಾರುವುದು ಕಂಪೆನಿಯ ಹೊಣೆ. ಪ್ರತಿಯಾಗಿ ಧ್ವನಿಮುದ್ರಣದ ಒಡೆತನವೂ ಕಂಪೆನಿಯದೇ. ಹೊಸಬರಿಗೆ ಇಂಥ ಷರತ್ತು ಆ ಕಾಲಕ್ಕೆ ತೀರ ಸಾಮಾನ್ಯವಾಗಿತ್ತು.

2006ರಲ್ಲಿ ಮೊದಲ ಆಲ್ಬಂ ಹೊರಬಂತು. ಒಬ್ಬರ ನೆರವೂ ಇಲ್ಲದೆ ತಾವೇ ಬರೆದ ಹಾಡೊಂದು 2007ರ ಕೊನೆಯಲ್ಲಿ ಕಂಟ್ರಿ ಪಟ್ಟಿಯ ತುದಿಗೇರಿತು. ಇನ್ನೂ 18ರ ಆಸುಪಾಸಿನಲ್ಲಿದ್ದವರಿಗೆ ಅದು ದಾಖಲೆ. 2008ರ 'ಫಿಯರ್‌ಲೆಸ್' ಆಲ್ಬಂಗೆ 2010ರಲ್ಲಿ ವರ್ಷದ ಆಲ್ಬಂ ಗ್ರಾಮಿ ಪ್ರಶಸ್ತಿ ದೊರೆತಾಗ ಅವರಿಗೆ 20 ವರ್ಷ.

ಯಶಸ್ಸಿನ ಬೆನ್ನಿಗೇ ಅನುಮಾನವೂ ಬಂತು. ಹಾಡುಗಳನ್ನು ನಿಜಕ್ಕೂ ಈಕೆಯೇ ಬರೆಯುತ್ತಾರೆಯೇ, ಜತೆಗೂಡಿದ ಹಿರಿಯರು ಬರೆದುಕೊಡುತ್ತಾರೆಯೇ ಎಂಬ ಪಿಸುಮಾತು ಉದ್ಯಮದಲ್ಲಿ ಹರಿದಾಡಿತು. ಸ್ವಿಫ್ಟ್ ವಾದಕ್ಕಿಳಿಯಲಿಲ್ಲ. 2010ರ 'ಸ್ಪೀಕ್ ನೌ' ಆಲ್ಬಂನ ಎಲ್ಲ 14 ಹಾಡುಗಳನ್ನೂ ಒಬ್ಬರೇ ಬರೆದರು. ಅಮೆರಿಕದಲ್ಲಿ ಮೊದಲ ವಾರವೇ 10 ಲಕ್ಷಕ್ಕೂ ಹೆಚ್ಚು ಪ್ರತಿಗಳು ಮಾರಾಟವಾದವು. 2012ರಲ್ಲಿ 'ರೆಡ್', 2014ರಲ್ಲಿ '1989'. ಎರಡನೆಯದರಲ್ಲಿ ಕಂಟ್ರಿ ಸಂಗೀತಕ್ಕೆ ಬೆನ್ನು ಮಾಡಿ ಪೂರ್ಣ ಪಾಪ್ ಶೈಲಿಗೆ ಹೊರಳಿದರು. ಅದಕ್ಕೂ 2016ರಲ್ಲಿ ವರ್ಷದ ಆಲ್ಬಂ ಗ್ರಾಮಿ ಸಂದಿತು.

ಇದೇ ವೇಳೆ ಅವರು ಕಂಪೆನಿಗಳೊಡನೆ ಜಗಳಕ್ಕೂ ನಿಂತರು. ಕಲಾವಿದರಿಗೆ ಸಲ್ಲುವ ಪಾಲು ತೀರ ಕಡಿಮೆ ಎಂಬ ಕಾರಣಕ್ಕೆ 2014ರ ನವೆಂಬರ್‌ನಲ್ಲಿ ಸ್ಪಾಟಿಫೈನಿಂದ ತಮ್ಮ ಆಲ್ಬಂಗಳನ್ನು ಹಿಂದಕ್ಕೆ ಪಡೆದರು. 2017ರವರೆಗೂ ಅತ್ತ ತಲೆ ಹಾಕಲಿಲ್ಲ. 2015ರ ಜೂನ್‌ನಲ್ಲಿ ಆಪಲ್ ತನ್ನ ಸಂಗೀತ ಸೇವೆಯನ್ನು ಬಳಕೆದಾರರಿಗೆ 3 ತಿಂಗಳು ಉಚಿತವಾಗಿ ಕೊಡಲು ಮುಂದಾಯಿತು. ಆ ಅವಧಿಯಲ್ಲಿ ಕಲಾವಿದರಿಗೂ ಏನೂ ಇಲ್ಲ ಎಂಬುದು ಅದರ ನಿಲುವಾಗಿತ್ತು. ಸ್ವಿಫ್ಟ್ ಬಹಿರಂಗ ಪತ್ರ ಬರೆದ ದಿನವೇ ಆಪಲ್ ತೀರ್ಮಾನ ಬದಲಿಸಿತು.

ಒಂದು ಹಾಡು, ಎರಡು ಹಕ್ಕು

ಮುಂದೆ ನಡೆದದ್ದು ಅರ್ಥವಾಗಬೇಕಾದರೆ ಹಕ್ಕುಸ್ವಾಮ್ಯದ ಒಂದು ಸಣ್ಣ ಸೂಕ್ಷ್ಮವನ್ನು ತಿಳಿದುಕೊಳ್ಳಬೇಕು. ಭಾವಗೀತೆಯ ಧ್ವನಿಸುರುಳಿಗಳನ್ನು ಕೇಳಿ ಬೆಳೆದ ಕನ್ನಡಿಗರಿಗೆ ಇದು ಕಠಿಣವೇನಲ್ಲ. 1978ರ 'ನಿತ್ಯೋತ್ಸವ'ವನ್ನೇ ನೆನಪಿಸಿಕೊಳ್ಳಿ. ಕೆ.ಎಸ್. ನಿಸಾರ್ ಅಹಮದ್ ಅವರ ಕವಿತೆ, ಮೈಸೂರು ಅನಂತಸ್ವಾಮಿ ಅವರ ರಾಗ ಸಂಯೋಜನೆ. ಆ ಕವಿತೆಯನ್ನು, ಆ ರಾಗವನ್ನು ಇಂದಿಗೂ ಎಷ್ಟೋ ವೇದಿಕೆಗಳಲ್ಲಿ ಎಷ್ಟೋ ಗಾಯಕರು ಹಾಡುತ್ತಾರೆ. ಹಾಡು ಒಂದೇ, ಧ್ವನಿಮುದ್ರಣ ಹಲವು. ಸಾಹಿತ್ಯ ಮತ್ತು ರಾಗದ ಹಕ್ಕು ಒಂದು. ನಿರ್ದಿಷ್ಟ ದಿನ, ನಿರ್ದಿಷ್ಟ ಸ್ಟುಡಿಯೋದಲ್ಲಿ ಮುದ್ರಣಗೊಂಡ ಧ್ವನಿಯ ಹಕ್ಕು ಇನ್ನೊಂದು. ಈ ಎರಡನೆಯದರ ಮೂಲಪ್ರತಿಯನ್ನೇ ಉದ್ಯಮದಲ್ಲಿ 'ಮಾಸ್ಟರ್' ಎನ್ನುತ್ತಾರೆ.

ಬಿಗ್ ಮೆಷಿನ್ ಕಂಪೆನಿಯ ವಶದಲ್ಲಿದ್ದುದು ಮಾಸ್ಟರ್ ಮಾತ್ರ. ಗೀತೆಯ ರಚನಾಕಾರ್ತಿಯಾಗಿ ಸ್ವಿಫ್ಟ್ ಅವರ ಹಕ್ಕು ಬೇರೆಯೇ ಇತ್ತು. ಚಲನಚಿತ್ರದಲ್ಲೋ ಜಾಹೀರಾತಿನಲ್ಲೋ ಹಾಡು ಬಳಸಬೇಕೆಂದರೆ ಎರಡೂ ಕಡೆಯವರ ಒಪ್ಪಿಗೆ ಬೇಕು. ಅಂದರೆ ಮಾಸ್ಟರ್ ಕೈಯಲ್ಲಿದ್ದರೂ, ಬರೆದವರು ಬೇಡವೆಂದರೆ ಅದರ ಒಡೆಯನಿಗೆ ದೊಡ್ಡದೊಂದು ಆದಾಯದ ಬಾಗಿಲು ಮುಚ್ಚಿದಂತೆಯೇ. ಇನ್ನೂ ಒಂದು ಅಂಶವಿದೆ. ಅಮೆರಿಕದ ಕಾನೂನಿನಲ್ಲಿ ಮಾಸ್ಟರ್ ಒಡೆಯನಿಗೆ ರಕ್ಷಣೆ ಇರುವುದು ಆ ಮುದ್ರಣಕ್ಕಷ್ಟೆ. ಬೇರೆಯವರು ಹೊಸದಾಗಿ ಹಾಡಿ, ನುಡಿಸಿ, ಥೇಟ್ ಅದರಂತೆಯೇ ಕೇಳಿಸುವ ಮತ್ತೊಂದು ಮುದ್ರಣ ಮಾಡಿದರೆ ತಡೆಯುವಂತಿಲ್ಲ. ಕಲಾವಿದರೇ ಹಾಗೆ ಮಾಡದಿರಲೆಂದು ಕಂಪೆನಿಗಳು ಇಂತಿಷ್ಟು ವರ್ಷ ಮರುಮುದ್ರಣ ಸಲ್ಲದು ಎಂಬ ಷರತ್ತನ್ನು ಒಪ್ಪಂದದಲ್ಲಿ ಸೇರಿಸುತ್ತವೆ. ಆ ವರ್ಷಗಳು ಉರುಳಿದ ಮೇಲೆ ತಾರೆಯರು ಹಳೆಯದರ ಗೊಡವೆಗೆ ಹೋಗುವುದಿಲ್ಲ ಎಂಬುದು ಕಂಪೆನಿಗಳ ನಂಬಿಕೆಯಾಗಿತ್ತು.

ಭಾರತದ ಕಾನೂನು ತುಸು ಭಿನ್ನ. ಗೀತರಚನೆಕಾರ ಮತ್ತು ಸಂಗೀತ ನಿರ್ದೇಶಕರು ರಾಯಲ್ಟಿಯ ಸಮಪಾಲನ್ನು ಬರೆದುಕೊಟ್ಟರೂ ಅದು ಊರ್ಜಿತವಾಗದು ಎಂಬ ರಕ್ಷಣೆ 2012ರ ತಿದ್ದುಪಡಿಯಿಂದ ಬಂದಿದೆ. ಚಿತ್ರಮಂದಿರದಲ್ಲಿ ಚಿತ್ರದೊಂದಿಗೆ ನಡೆಯುವ ಪ್ರದರ್ಶನಕ್ಕೆ ಮಾತ್ರ ಇದರಿಂದ ವಿನಾಯಿತಿ. ರಾಜ್ಯಸಭೆಯ ಒಳಗೂ ಹೊರಗೂ ಜಾವೇದ್ ಅಖ್ತರ್ ಇದಕ್ಕಾಗಿ ಪಟ್ಟು ಹಿಡಿದಿದ್ದರು. ಆದರೆ ಧ್ವನಿಮುದ್ರಣದ ಒಡೆತನ ಇಲ್ಲಿಯೂ ಸಾಮಾನ್ಯವಾಗಿ ನಿರ್ಮಾಪಕ ಕಂಪೆನಿಯದೇ.

ಮಾರಾಟ, ಮರುಮಾರಾಟ

6 ಆಲ್ಬಂಗಳ ಬಳಿಕ, 2018ರ ನವೆಂಬರ್‌ನಲ್ಲಿ ಸ್ವಿಫ್ಟ್ ಯೂನಿವರ್ಸಲ್ ಸಮೂಹದ ರಿಪಬ್ಲಿಕ್ ಕಂಪೆನಿಗೆ ಸೇರಿದರು. ಇನ್ನು ಮುಂದಿನ ಮಾಸ್ಟರ್‌ಗಳೆಲ್ಲ ತಮ್ಮವೇ ಎಂಬ ಷರತ್ತಿನೊಂದಿಗೆ. 2019ರ ಜೂನ್ 30ರಂದು ಸುದ್ದಿ ಸಿಡಿಯಿತು: ಬಿಗ್ ಮೆಷಿನ್ ಕಂಪೆನಿಯನ್ನು ಸ್ಕೂಟರ್ ಬ್ರೌನ್ ಅವರ ಇಥಾಕಾ ಹೋಲ್ಡಿಂಗ್ಸ್ ಕೊಂಡಿದೆ. ಬೆಲೆ ಸುಮಾರು 30 ಕೋಟಿ ಡಾಲರ್ ಎಂದು ವರದಿಗಳು ಹೇಳಿದವು. ಕಂಪೆನಿಯ ಜತೆಗೆ 6 ಆಲ್ಬಂಗಳ ಮಾಸ್ಟರ್‌ಗಳೂ ಕೈಬದಲಾದವು. ಬ್ರೌನ್ ಅವರು ರ‍್ಯಾಪರ್ ಕಾನ್ಯೆ ವೆಸ್ಟ್ ಅವರ ವ್ಯವಹಾರ ನೋಡಿಕೊಂಡಿದ್ದವರು. ವೆಸ್ಟ್ ಮತ್ತು ಸ್ವಿಫ್ಟ್ ನಡುವೆ 2009ರಿಂದ ಹೊಗೆಯಾಡುತ್ತಿದ್ದ ವೈಮನಸ್ಯ ಎಲ್ಲರಿಗೂ ತಿಳಿದದ್ದೇ. ತಮ್ಮ ಬದುಕಿನ ದುಡಿಮೆ ತಮ್ಮನ್ನು ಪೀಡಿಸಿದವರ ಪಾಲಾಯಿತು ಎಂಬುದು ಸ್ವಿಫ್ಟ್ ಅವರ ದೂರು.

ಬೋರ್ಚೆಟಾ ಅವರ ವಾದವೂ ಇದೆ. ಹೊಸ ಒಪ್ಪಂದಕ್ಕೆ ಸಹಿ ಹಾಕಿದ್ದರೆ ಎಲ್ಲವನ್ನೂ ಅವರಿಗೇ ವರ್ಗಾಯಿಸಲು ತಾವು ಸಿದ್ಧರಿದ್ದುದಾಗಿ ಅವರು ಹೇಳಿದರು. ಸ್ವಿಫ್ಟ್ ಹೇಳುವುದು ಬೇರೆ: ಹೊಸದೊಂದು ಆಲ್ಬಂ ಕೊಟ್ಟಂತೆಲ್ಲ ಹಳೆಯದೊಂದು ಮರಳುತ್ತದೆ ಎಂಬುದಷ್ಟೇ ಮುಂದಿದ್ದ ಅವಕಾಶ. ಗಾಯಕಿಯ ತಂದೆಯೇ ಬಿಗ್ ಮೆಷಿನ್‌ನಲ್ಲಿ ಸಣ್ಣ ಪ್ರಮಾಣದ ಷೇರುದಾರರಾಗಿದ್ದರು ಎಂಬುದೂ ಆಗ ಬಹಿರಂಗ ಚರ್ಚೆಯಾಯಿತು. ಯಾರ ಮಾತು ಎಷ್ಟು ನಿಜವೆಂಬುದು ಹಾಗಿರಲಿ, ಹಾಡಿದವರಿಗೆ ಈ ಮಾರಾಟದಲ್ಲಿ ತಡೆಯೊಡ್ಡುವ ಅಧಿಕಾರ ಇರಲಿಲ್ಲ ಎಂಬುದರಲ್ಲಿ ವಿವಾದವಿಲ್ಲ. 2020ರ ನವೆಂಬರ್‌ನಲ್ಲಿ ಅವೇ ಮಾಸ್ಟರ್‌ಗಳು ಇಥಾಕಾದಿಂದ ಶ್ಯಾಮ್‌ರಾಕ್ ಸಂಸ್ಥೆಗೆ ಮತ್ತೊಮ್ಮೆ ಮಾರಾಟವಾದವು. ಬ್ರೌನ್ ಅವರಿಗೆ ಲಾಭದ ಪಾಲು ಮುಂದೆಯೂ ಸಲ್ಲುತ್ತದೆಂದು ತಿಳಿದ ಸ್ವಿಫ್ಟ್, ಶ್ಯಾಮ್‌ರಾಕ್ ಜತೆ ಕೈಜೋಡಿಸಲು ಒಪ್ಪಲಿಲ್ಲ.

ಹಳೆಯ ಹಾಡು, ಹೊಸ ಮುದ್ರಣ

ಮೊದಲ 5 ಆಲ್ಬಂಗಳ ಮೇಲಿದ್ದ ಮರುಮುದ್ರಣದ ನಿರ್ಬಂಧ ತೆರವಾದದ್ದು ಅದೇ ತಿಂಗಳು. ಹಳೆಯ ಹಾಡುಗಳನ್ನೆಲ್ಲ ಮತ್ತೆ ಹಾಡುವುದಾಗಿ 2019ರ ಆಗಸ್ಟ್‌ನಲ್ಲೇ ಅವರು ಘೋಷಿಸಿದ್ದರು. ಆಗ ನಕ್ಕವರೇ ಹೆಚ್ಚು. ಮರುಮುದ್ರಣ ಹೊಸದೇನಲ್ಲ, ಆದರೆ ಕೇಳುಗರು ಸಾಮಾನ್ಯವಾಗಿ ಬಯಸುವುದು ಮೊದಲು ಕಿವಿಗೆ ಬಿದ್ದ ದನಿಯನ್ನೇ.

ಸ್ವಿಫ್ಟ್ ಇಲ್ಲಿ ಎರಡು ಜಾಣ್ಮೆಗಳನ್ನು ತೋರಿದರು. ಸಹನಿರ್ಮಾಪಕ ಕ್ರಿಸ್ಟೋಫರ್ ರೋ ಅವರ ಜತೆಗೂಡಿ, ತಮ್ಮ ಹಳೆಯ ವಾದ್ಯವೃಂದದವರನ್ನೂ ಸೇರಿಸಿಕೊಂಡು, ಮೂಲಕ್ಕೆ ಆದಷ್ಟು ಹತ್ತಿರವಾಗಿ ಹಾಡಿದರು. ಹದಿಹರೆಯದ ಕಂಠ ಪಕ್ವವಾಗಿರುವುದು ಗಮನವಿಟ್ಟವರಿಗೆ ತಿಳಿಯುತ್ತದೆ. ಉಸಿರಿನ ಹಿಡಿತ ಈಗಿನದರಲ್ಲೇ ಚೆನ್ನ. ಎರಡನೆಯದಾಗಿ, ಆಗ ಬರೆದು ಕೈಬಿಟ್ಟಿದ್ದ ಹಾಡುಗಳನ್ನು ಹೊರತೆಗೆದು ಪ್ರತಿ ಆಲ್ಬಂಗೂ ಸೇರಿಸಿದರು. ಹಳೆಯದನ್ನು ಈಗಾಗಲೇ ಹೊಂದಿದ್ದವರಿಗೂ ಹೊಸದನ್ನು ಕೊಳ್ಳಲು ಕಾರಣ ಸಿಕ್ಕಿತು. ಪ್ರತಿಯೊಂದಕ್ಕೂ 'ಟೇಲರ್ಸ್ ವರ್ಷನ್' ಎಂಬ ಅಂಕಿತ. ಯಾವುದನ್ನು ಕೇಳಬೇಕು ಎಂಬ ಆಯ್ಕೆ ಅಭಿಮಾನಿಗಳಿಗೆ ನಿಷ್ಠೆಯ ಪ್ರಶ್ನೆಯಾಯಿತು.

'ಫಿಯರ್‌ಲೆಸ್' 2021ರ ಏಪ್ರಿಲ್‌ನಲ್ಲಿ, 'ರೆಡ್' ಅದೇ ವರ್ಷದ ನವೆಂಬರ್‌ನಲ್ಲಿ ಹೊಸ ಮುದ್ರಣ ಕಂಡವು. 'ರೆಡ್'ನ ಹಾಡೊಂದರ 10 ನಿಮಿಷಗಳ ವಿಸ್ತೃತ ರೂಪ ಬಿಲ್‌ಬೋರ್ಡ್ ಪಟ್ಟಿಯ ಅಗ್ರಸ್ಥಾನಕ್ಕೇರಿತು. ಅಷ್ಟು ದೀರ್ಘ ಹಾಡು ಅಲ್ಲಿಗೆ ಏರಿದ್ದು ಅದೇ ಮೊದಲು. ಅಮೆರಿಕದ ಬೃಹತ್ ಬಾನುಲಿ ಜಾಲ ಐಹಾರ್ಟ್ ರೇಡಿಯೊ, ಇನ್ನು ಮುಂದೆ ಹೊಸ ಮುದ್ರಣಗಳನ್ನೇ ಪ್ರಸಾರ ಮಾಡುವುದಾಗಿ ಪ್ರಕಟಿಸಿತು. 2023ರ ಜುಲೈನಲ್ಲಿ 'ಸ್ಪೀಕ್ ನೌ', ಅಕ್ಟೋಬರ್‌ನಲ್ಲಿ '1989' ಬಂದವು. '1989'ರ ಮೂಲ ಮುದ್ರಣ 2014ರಲ್ಲಿ ಅಮೆರಿಕದಲ್ಲಿ ಮೊದಲ ವಾರ ಸುಮಾರು 12.87 ಲಕ್ಷ ಪ್ರತಿ ಮಾರಾಟವಾಗಿತ್ತು. 9 ವರ್ಷಗಳ ಬಳಿಕ ಬಂದ ಮರುಮುದ್ರಣದ ಮೊದಲ ವಾರದ ಲೆಕ್ಕ, ಅಂತರ್ಜಾಲದ ಆಲಿಕೆಯೂ ಸೇರಿ, 16.53 ಲಕ್ಷ. ನಕಲು ಅಸಲನ್ನು ಮೀರಿಸಿತು ಎನ್ನೋಣವೆಂದರೆ ಯಾವುದು ಅಸಲು ಎಂಬುದೇ ಗೊಂದಲ!

ಹೊಸ ಸೃಷ್ಟಿಯೂ ನಿಂತಿರಲಿಲ್ಲ. ಕೊರೊನಾ ಕಾಲದ ಏಕಾಂತದಲ್ಲಿ, 2020ರಲ್ಲಿ, 'ಫೋಕ್‌ಲೋರ್' ಮತ್ತು 'ಎವರ್‌ಮೋರ್' ಎಂಬ ಎರಡು ಮೆಲುದನಿಯ ಆಲ್ಬಂಗಳು ಬಂದವು. ಬರಹಗಾರ್ತಿಯಾಗಿ ಅವರ ಅತ್ಯುತ್ತಮ ಕೆಲಸ ಇವುಗಳಲ್ಲಿದೆ ಎನ್ನಲಡ್ಡಿಯಿಲ್ಲ. ತಮ್ಮ ಕಥೆ ಬಿಟ್ಟು ಕಲ್ಪಿತ ಪಾತ್ರಗಳ ಬಾಯಲ್ಲಿ ಹಾಡು ಹೇಳಿಸಿದ್ದು ಇಲ್ಲಿಯೇ. 'ಫೋಕ್‌ಲೋರ್' ಮತ್ತು 2022ರ 'ಮಿಡ್‌ನೈಟ್ಸ್' ಎರಡೂ ವರ್ಷದ ಆಲ್ಬಂ ಗ್ರಾಮಿ ಗೆದ್ದವು. ಆ ಪ್ರಶಸ್ತಿಯನ್ನು 4 ಬಾರಿ ಪಡೆದ ಮೊದಲ ಕಲಾವಿದೆ ಎಂಬ ಹೆಗ್ಗಳಿಕೆ 2024ರ ಫೆಬ್ರುವರಿಯಲ್ಲಿ ಅವರದಾಯಿತು.

2023ರ ಮಾರ್ಚ್‌ನಿಂದ 2024ರ ಡಿಸೆಂಬರ್‌ವರೆಗೆ ನಡೆದ 'ಇರಾಸ್' ಪ್ರವಾಸದಲ್ಲಿ 149 ಕಾರ್ಯಕ್ರಮಗಳು. ನೋಡಿದವರು 1 ಕೋಟಿಗೂ ಅಧಿಕ. ಟಿಕೆಟ್ ಮಾರಾಟದಿಂದಲೇ 207 ಕೋಟಿ ಡಾಲರ್ ಸಂಗ್ರಹವಾಯಿತು. ಭಾರತಕ್ಕೆ ಈ ಪ್ರವಾಸ ಬರಲಿಲ್ಲ. ನಮ್ಮವರಿಗೆ ಹತ್ತಿರದ ವೇದಿಕೆ ಎಂದರೆ 2024ರ ಮಾರ್ಚ್‌ನಲ್ಲಿ 6 ಕಾರ್ಯಕ್ರಮ ನಡೆದ ಸಿಂಗಪುರ. ಮಾಸ್ಟರ್‌ಗಳನ್ನು ಕೊಳ್ಳಲು ಸಾಧ್ಯವಾದದ್ದು ಈ ಪ್ರವಾಸದ ಯಶಸ್ಸಿನಿಂದಲೇ ಎಂದು ಸ್ವಿಫ್ಟ್ ತಮ್ಮ ಪತ್ರದಲ್ಲಿ ಒಪ್ಪಿಕೊಂಡಿದ್ದಾರೆ.

ಎಲ್ಲರಿಗೂ ಸಾಧ್ಯವೇ?

ಇಷ್ಟು ಹಣ, ಇಷ್ಟು ಅಭಿಮಾನಿ ಬಳಗ ಇರುವ ಗಾಯಕರು ಜಗತ್ತಿನಲ್ಲಿ ಬೆರಳೆಣಿಕೆಯಷ್ಟು. ಇದೇ ಮಾಸ್ಟರ್ ಒಡೆತನಕ್ಕಾಗಿ 1990ರ ದಶಕದಲ್ಲಿ ವಾರ್ನರ್ ಕಂಪೆನಿಯೊಡನೆ ಸೆಣಸಿದ ಪ್ರಿನ್ಸ್, ಕೆನ್ನೆಯ ಮೇಲೆ 'ಗುಲಾಮ' ಎಂದು ಬರೆದುಕೊಂಡು ವೇದಿಕೆಯೇರಿದ್ದರು. ಅವರ ಮಾಸ್ಟರ್‌ಗಳ ವಿಷಯ ಇತ್ಯರ್ಥವಾದದ್ದು 2014ರಲ್ಲಿ. ಬೇರೊಬ್ಬರು ಬರೆದುಕೊಟ್ಟ ಹಾಡನ್ನು ಹಾಡುವ ಗಾಯಕರ ಸ್ಥಿತಿ ಇನ್ನೂ ದುರ್ಬಲ. ಜಾಹೀರಾತಿಗೆ ಬೇಡವೆನ್ನುವ ಅಧಿಕಾರ ಅವರಿಗಿಲ್ಲ. ಹಳೆಯ ಹಾಡನ್ನು ಮತ್ತೆ ಮುದ್ರಿಸಿದರೂ ಬರಹಗಾರರ ಪಾಲು ಬೇರೆಯವರಿಗೇ ಹೋಗುತ್ತದೆ. 14ರ ಹರೆಯದಲ್ಲಿ ಹಿಡಿದ ಲೇಖನಿ 30ರ ಹರೆಯದಲ್ಲಿ ಸ್ವಿಫ್ಟ್ ಅವರ ಕೈ ಬಲಪಡಿಸಿದ್ದು ಹೀಗೆ.

ತಮ್ಮ ಜಗಳದಿಂದ ಎಚ್ಚೆತ್ತು ಮಾಸ್ಟರ್ ಒಡೆತನವನ್ನು ಒಪ್ಪಂದದಲ್ಲೇ ಬರೆಸಿಕೊಂಡ ಹೊಸ ಕಲಾವಿದರನ್ನು ಸ್ವಿಫ್ಟ್ ತಮ್ಮ ಪತ್ರದಲ್ಲಿ ನೆನೆದಿದ್ದಾರೆ. ಕಂಪೆನಿಗಳೂ ಎಚ್ಚೆತ್ತಿವೆ. 'ಟೇಲರ್ಸ್ ವರ್ಷನ್'ಗಳ ಯಶಸ್ಸಿನ ನಂತರ ಹೊಸ ಒಪ್ಪಂದಗಳಲ್ಲಿ ಮರುಮುದ್ರಣದ ನಿರ್ಬಂಧವನ್ನು ಇನ್ನಷ್ಟು ವರ್ಷ ಹಿಗ್ಗಿಸಲು ಅವು ಯತ್ನಿಸುತ್ತಿರುವುದಾಗಿ ವರದಿಗಳಾಗಿವೆ. ಒಬ್ಬರು ದಾಟಿದ ಬೇಲಿಯನ್ನು ಮುಂದಿನವರಿಗಾಗಿ ಎತ್ತರಿಸಿದಂತೆ.

ಇನ್ನುಳಿದದ್ದು 2 ಆಲ್ಬಂಗಳು. 2006ರ ಮೊದಲ ಆಲ್ಬಂನ ಮರುಮುದ್ರಣ ಪೂರ್ತಿಯಾಗಿದೆ ಎಂದು ಅದೇ ಪತ್ರದಲ್ಲಿ ಸ್ವಿಫ್ಟ್ ತಿಳಿಸಿದ್ದಾರೆ. 2017ರ 'ರೆಪ್ಯುಟೇಶನ್' ಕಾಲುಭಾಗವೂ ಆಗಿಲ್ಲ. ಆ ದಿನಗಳ ಸಿಟ್ಟು ಮತ್ತು ಹಟದಿಂದ ಹುಟ್ಟಿದ ಆ ಆಲ್ಬಂನ್ನು ಮತ್ತೆ ಹಾಡಿ ಉತ್ತಮಪಡಿಸಲು ಸಾಧ್ಯವೆಂದು ತಮಗೆ ಅನಿಸಲಿಲ್ಲ ಎಂಬುದು ಅವರ ವಿವರಣೆ. ಹಳೆಯ ಮುದ್ರಣವೇ ಈಗ ಅವರದಾಗಿರುವುದರಿಂದ ಅದನ್ನು ಮತ್ತೆ ಹಾಡುವ ಅಗತ್ಯವೂ ಉಳಿದಿಲ್ಲ.